ಉಯ್ಯಂಬಳ್ಳಿ ಎಂದು ಬರೆದು ನೋಡಿ

ಕನಕಪುರದಿಂದ ದಕ್ಷಿಣಕ್ಕೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕಡೆಗಿನ ಸೀಮೆಯಲ್ಲಿ ಉಯ್ಯಂಬಳ್ಳಿ ಎಂಬ ಹೋಬಳಿಯುಂಟು. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ಮನೆ, ಕುರಿಯ ಮಂದೆ, ಇವೇ ಆ ಕಡೆಯ ಬದುಕು. ಗಣಕಯಂತ್ರದ ಮುಂದೆ ಕುಳಿತು ಜಾಲತಾಣ ಕಟ್ಟುವ ಕುಶಲಕರ್ಮಿಗೂ ಈ ಹೋಬಳಿಗೂ ಏನು ನಂಟೆಂದು ಓದುಗರು ಹುಬ್ಬೇರಿಸಬಹುದು. ನಂಟು ಊರಿನ ಹೆಸರಿನಲ್ಲಿಯೇ ಅಡಗಿದೆ. ಒಂದು ಜಾಲತಾಣವು ಕನ್ನಡಿಗರ ಬಳಕೆಗೆ ತಕ್ಕುದೋ ಅಲ್ಲವೋ ಎಂಬುದನ್ನು ಅರಿಯಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಅದರ ಅರ್ಜಿ ನಮೂನೆಯಲ್ಲಿ ‘ಉಯ್ಯಂಬಳ್ಳಿ’ ಎಂದು ಬರೆದು ಕಳುಹಿಸಿ, ಆ ಹೆಸರು ಯಾವ ರೂಪದಲ್ಲಿ ಹಿಂದಿರುಗುತ್ತದೆ ಎಂದು ನೋಡಿದರೆ ಸಾಕು.

ಈ ಪರೀಕ್ಷೆ ಬರಿಯ ವಿನೋದಕ್ಕಲ್ಲ. ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ ಎರಡು ದಶಕಗಳ ಮೇಲಾಯಿತು. ಅಂದಿನಿಂದ ಇಂದಿನವರೆಗೆ ಜಾತಿ-ಆದಾಯದ ಪ್ರಮಾಣಪತ್ರ, ಪಡಿತರ ಚೀಟಿ, ವಿದ್ಯಾರ್ಥಿವೇತನ, ಬೆಳೆವಿಮೆ ಎಲ್ಲವೂ ಒಂದೊಂದಾಗಿ ಜಾಲದ ಬಾಗಿಲಿಗೆ ಬಂದು ನಿಂತಿವೆ. ಒಂದು ದಾಖಲೆಯಲ್ಲಿ ಇರುವ ಊರಿನ ಹೆಸರು ಇನ್ನೊಂದರಲ್ಲಿರುವ ಹೆಸರಿಗೆ ಹೊಂದದಿದ್ದರೆ ಯಂತ್ರವು ದಾಕ್ಷಿಣ್ಯ ತೋರುವುದಿಲ್ಲ. ಹಳೆಯ ಕಾಲದ ಶ್ಯಾನುಭೋಗರಾದರೂ ‘ಅದೇ ಊರು, ಬಿಡಪ್ಪ’ ಎಂದು ಕಣ್ಣಿನಲ್ಲೇ ತಿದ್ದಿಕೊಳ್ಳುತ್ತಿದ್ದರು. ಯಂತ್ರ ‘ಹೊಂದುವುದಿಲ್ಲ’ ಎಂದುಬಿಟ್ಟರೆ ರೈತನು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಚಾರ್ಜು ಕೊಟ್ಟು, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕು. ಜಾಲತಾಣ ಕಟ್ಟಿದವನ ಅಜಾಗ್ರತೆಗೆ ದಂಡ ತೆರುವವನು ಅವನನ್ನು ಎಂದೂ ನೋಡಿಯೇ ಇರದ ಮತ್ತೊಬ್ಬ.

ನಾಲ್ಕು ಅಕ್ಷರವೋ, ಹತ್ತು ಅಕ್ಷರವೋ?

ಶಾಲೆಯ ಹುಡುಗನನ್ನು ಕೇಳಿದರೆ ಉಯ್ಯಂಬಳ್ಳಿಯಲ್ಲಿ ನಾಲ್ಕು ಅಕ್ಷರಗಳೆಂದು ಥಟ್ಟನೆ ಹೇಳುತ್ತಾನೆ: ಉ, ಯ್ಯಂ, ಬ, ಳ್ಳಿ. ಗಣಕವನ್ನು ಕೇಳಿದರೆ ಅದು ಹತ್ತು ಎನ್ನುತ್ತದೆ. ಜಗತ್ತಿನ ಲಿಪಿಗಳೆಲ್ಲಕ್ಕೂ ಒಂದೊಂದು ಸಂಖ್ಯೆ ಕೊಟ್ಟಿರುವ ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲಾಗಿವೆ. ಅಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಯಕಾರ, ಅದರ ಮೇಲೆ ಹಲಂತದ ಗುರುತು, ಮತ್ತೆ ಯಕಾರ, ಹೀಗೆ ಮೂರನ್ನು ಸಾಲಾಗಿ ಬರೆದರೆ ಫಾಂಟು ಅವುಗಳನ್ನು ಕೂಡಿಸಿ ‘ಯ್ಯ’ ಎಂದು ತೋರಿಸುತ್ತದೆ. ಈ ಹತ್ತು ಗುರುತುಗಳನ್ನು ಯುಟಿಎಫ್-8 ಎಂಬ ರೀತಿಯಲ್ಲಿ ಶೇಖರಿಸುವಾಗ ಒಂದೊಂದಕ್ಕೆ ಮೂರು ಬೈಟುಗಳಂತೆ ಒಟ್ಟು ಮೂವತ್ತು ಬೈಟು ಬೇಕು. ಅದೇ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಹತ್ತೇ ಬೈಟು.

ಇಷ್ಟು ತಿಳಿದರೆ ಅನೇಕ ಅಪಘಾತಗಳ ಮೂಲ ಗೊತ್ತಾಗುತ್ತದೆ. ಊರಿನ ಹೆಸರಿಗೆ ಇಪ್ಪತ್ತು ಬೈಟು ಧಾರಾಳವೆಂದು ಭಾವಿಸಿದ ನಿರ್ಮಾಪಕನು ‘ಕನಕಪುರ’ ಎಂದು ಬರೆದು ಪರೀಕ್ಷಿಸುತ್ತಾನೆ. ಅದಕ್ಕೆ ಹದಿನೆಂಟೇ ಬೈಟು, ಒತ್ತೂ ಇಲ್ಲ, ಅನುಸ್ವಾರವೂ ಇಲ್ಲ, ಸುಖವಾಗಿ ಹಿಡಿಸುತ್ತದೆ. ಕೆಲಸ ಮುಗಿಯಿತೆಂದು ಅವನು ಮನೆಗೆ ಹೋಗುತ್ತಾನೆ. ಮರುದಿನ ಅದೇ ತಾಲ್ಲೂಕಿನ ಉಯ್ಯಂಬಳ್ಳಿಯವನು ಬಂದರೆ ಅವನ ಊರು ‘ಉಯ್ಯಂಬ’ ಎಂಬಲ್ಲಿಗೆ ನಿಂತು, ಮುಂದೆ ಕರಿಯ ಚೌಕದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣಿಸುತ್ತದೆ. ಇನ್ನೊಂದು ಕಡೆ ಗುರುತುಗಳನ್ನು ಎಣಿಸಿ ಎಂಟಕ್ಕೆ ಕತ್ತರಿಸಿದರೆ ‘ಉಯ್ಯಂಬಳ್’ ಆಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅಂಕಣದ ಉದ್ದವನ್ನು ಗುರುತುಗಳ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಒರಾಕಲ್‌ನಲ್ಲಿ ಬೇರೆ ವಿಧಿಸದಿದ್ದರೆ ಬೈಟುಗಳ ಲೆಕ್ಕ. ಯಾವ ದತ್ತಸಂಚಯ ಏನನ್ನು ಎಣಿಸುತ್ತದೆ ಎಂಬುದನ್ನು ಮೊದಲು ವಿಚಾರಿಸಿ, ಇಂಗ್ಲಿಷಿಗೆ ಇಟ್ಟ ಅಳತೆಯನ್ನು ಕನಿಷ್ಠ ಮೂರು ಪಟ್ಟು ಹಿಗ್ಗಿಸಿಕೊಳ್ಳುವುದು ಕ್ಷೇಮ. ತಲೆಬರಹವನ್ನು ಮೊಟಕುಗೊಳಿಸಲೇಬೇಕಾದ ಸಂದರ್ಭದಲ್ಲಿ ಪದ ಮುಗಿದ ಕಡೆ, ಖಾಲಿ ಜಾಗ ನೋಡಿ ಕತ್ತರಿಸಬೇಕು. ಅಕ್ಷರ ವಿಭಜನೆಗೆಂದೇ ಇರುವ ಸಿದ್ಧ ಉಪಕರಣಗಳೂ ಕೆಲವೊಮ್ಮೆ ಹಲಂತದ ಬುಡದಲ್ಲಿಯೇ ಕತ್ತರಿ ಆಡಿಸುವುದುಂಟು. ಅವುಗಳನ್ನು ನಂಬುವ ಮೊದಲು ಇದೇ ಹೆಸರನ್ನು ಕೊಟ್ಟು ನೋಡಬೇಕು.

ಇನ್ನೂ ವಿಚಿತ್ರವಾದುದು ಪುಟದ ವಿಳಾಸವನ್ನು ತಾನಾಗಿ ರಚಿಸುವ ತಂತ್ರಾಂಶದ ಕೆಲಸ. ಅಕ್ಷರವಲ್ಲದ್ದನ್ನೆಲ್ಲ ತೆಗೆದುಹಾಕು ಎಂಬ ಆಜ್ಞೆಯನ್ನು ಅದಕ್ಕೆ ಕೊಟ್ಟಿರುತ್ತಾರೆ. ಯುನಿಕೋಡ್ ಲೆಕ್ಕದಲ್ಲಿ ಕಾಗುಣಿತದ ಚಿಹ್ನೆಗಳು, ಅನುಸ್ವಾರ, ಹಲಂತ ಇವೆಲ್ಲ ‘ಅಕ್ಷರ’ ವರ್ಗಕ್ಕೆ ಸೇರದೆ ‘ಮಾರ್ಕ್’ ಎಂಬ ಬೇರೆ ವರ್ಗಕ್ಕೆ ಸೇರಿವೆ. ಆಜ್ಞೆಯನ್ನು ಶಿರಸಾವಹಿಸಿದ ತಂತ್ರಾಂಶವು ಉಯ್ಯಂಬಳ್ಳಿಯನ್ನು ‘ಉಯಯಬಳಳ’ ಮಾಡಿ ಕೂರಿಸುತ್ತದೆ! ಹೆಸರಿನ ಚೌಕದಲ್ಲಿ ಯಾವುದನ್ನು ಒಪ್ಪಬೇಕೆಂಬ ನಿಯಮ ಬರೆಯುವಾಗಲೂ ಇದೇ ಎಚ್ಚರ ಬೇಕು: ಅಕ್ಷರ ವರ್ಗದ ಜೊತೆಗೆ ಮಾರ್ಕ್ ವರ್ಗವನ್ನೂ ಒಪ್ಪಬೇಕು, ಕಣ್ಣಿಗೆ ಕಾಣದ ಎರಡು ಜೋಡಕಗಳನ್ನೂ, ಎಂದರೆ 8204 ಮತ್ತು 8205ನೆಯ ಗುರುತುಗಳನ್ನೂ ಒಪ್ಪಬೇಕು. ಮೊದಲನೆಯದು ಒತ್ತಾಗದಂತೆ ತಡೆಯುತ್ತದೆ. ಅದನ್ನು ಕಿತ್ತರೆ ‘ರಾಜ್‌ಕುಮಾರ್’ ಎಂಬ ನಾಡಿಗೆಲ್ಲ ಪ್ರಿಯವಾದ ಹೆಸರು ‘ರಾಜ್ಕುಮಾರ್’ ಆಗಿ ಮುದ್ದೆಗಟ್ಟುತ್ತದೆ. ಎರಡನೆಯದು ‘ರ‍್ಯಾಂಕ್’ ಎಂಬಂಥ ಪದಗಳಲ್ಲಿ ರಕಾರವು ಅರ್ಕಾವೊತ್ತಾಗದಂತೆ ಕಾಯುತ್ತದೆ. ಕಾಣದ ಗುರುತುಗಳೆಲ್ಲ ಕಸವೆಂದು ಗುಡಿಸುವ ಅಭ್ಯಾಸ ಕನ್ನಡಕ್ಕೆ ಸಲ್ಲದು. ಹುಡುಕುವಾಗ ಮಾತ್ರ ಅವನ್ನು ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು.

ಸೊನ್ನೆಯ ಮೋಸ

ಕನ್ನಡದಲ್ಲಿ ಅನುಸ್ವಾರವನ್ನೂ ಸೊನ್ನೆ ಎನ್ನುತ್ತಾರೆ, ಅಂಕಿಯನ್ನೂ ಸೊನ್ನೆ ಎನ್ನುತ್ತಾರೆ. ಬರೆದರೂ ಎರಡಕ್ಕೂ ಒಂದೇ ದುಂಡು. ಕಾಗದದ ಮೇಲೆ ಇದರಿಂದ ಯಾರಿಗೂ ಹಾನಿಯಿರಲಿಲ್ಲ. ಗಣಕದಲ್ಲಾದರೋ ಅನುಸ್ವಾರದ ಸಂಖ್ಯೆ 3202, ಅಂಕಿಯದು 3302. ಬೆರಳಚ್ಚು ಮಾಡುವವರು ಅವಸರದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಒತ್ತಿದರೆ ‘ಉಯ್ಯ೦ಬಳ್ಳಿ’ ಎಂದಾಗುತ್ತದೆ. ಈ ವಾಕ್ಯದಲ್ಲಿ ಅಚ್ಚಾಗಿರುವ ಹೆಸರಿನೊಳಗೆ ಅಂಕಿಯೇ ಇದೆ. ಮೇಲಿನ ಸಾಲುಗಳಲ್ಲಿರುವುದರ ಪಕ್ಕಕ್ಕೆ ಇಟ್ಟು ನೋಡಿದರೂ ಹೆಚ್ಚಿನವರ ಕಣ್ಣಿಗೆ ವ್ಯತ್ಯಾಸ ಕಾಣದು. ಯಂತ್ರಕ್ಕೆ ಮಾತ್ರ ಅವೆರಡೂ ಬೇರೆ ಬೇರೆ ಊರುಗಳು. ಹುಡುಕಿದರೆ ಸಿಗುವುದಿಲ್ಲ; ಹೋಲಿಸಿದರೆ ಹೊಂದುವುದಿಲ್ಲ; ಹೊಂದದ ಕಾರಣವನ್ನು ಕಚೇರಿಯ ಗುಮಾಸ್ತೆಯೂ ಕಂಡುಹಿಡಿಯಲಾರ, ಏಕೆಂದರೆ ತೆರೆಯ ಮೇಲೆ ಎರಡೂ ಒಂದೇ.

ಪರಿಹಾರ ಬಹಳ ಸುಲಭ. ಎರಡು ಕನ್ನಡ ಅಕ್ಷರಗಳ ನಡುವೆ ಕನ್ನಡದ ಸೊನ್ನೆ ಅಂಕಿ ಕಂಡುಬಂದರೆ ಅದನ್ನು ಅನುಸ್ವಾರಕ್ಕೆ ತಿರುಗಿಸುವ ಒಂದು ಸಾಲಿನ ಆಜ್ಞೆಯನ್ನು, ಬರೆದದ್ದು ದತ್ತಸಂಚಯಕ್ಕೆ ಇಳಿಯುವ ಮುನ್ನವೇ ನಡೆಸಬೇಕು. ಅದರ ಜೊತೆಗೇ ಯುನಿಕೋಡಿನವರು ‘ಎನ್‌ಎಫ್‌ಸಿ’ ಎಂದು ಕರೆಯುವ ಏಕರೂಪಕ್ಕೆ ಎಲ್ಲ ಬರಹವನ್ನೂ ತರಬೇಕು. ‘ಹೋಬಳಿ’ ಎಂಬ ಪದದ ಓಕಾರವನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎರಡು ಮೂರು ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ನೋಡುವುದಕ್ಕೆ ಸಮವೇ ಆದರೂ ಹೋಲಿಕೆಯಲ್ಲಿ ತಪ್ಪುತ್ತದೆ. ಏಕರೂಪಕ್ಕೆ ತಂದರೆ ಈ ಭೇದ ಅಳಿಯುತ್ತದೆ. ಸೊನ್ನೆಯ ಮೋಸವನ್ನು ಮಾತ್ರ ಎನ್‌ಎಫ್‌ಸಿ ತಿದ್ದದು. ಅದಕ್ಕೆ ಮೇಲೆ ಹೇಳಿದ ಮದ್ದೇ ಬೇಕು. ಇವೆರಡಕ್ಕೆ ತಗಲುವ ಶ್ರಮ ಅರ್ಧ ಗಂಟೆಯದು. ಸರ್ವೆ ನಂಬರು, ವಯಸ್ಸು ಮೊದಲಾದ ಚೌಕಗಳಲ್ಲಿ ಯಾರಾದರೂ ೧೨೩ ಎಂದು ಕನ್ನಡದ ಅಂಕಿಗಳಲ್ಲೇ ಬರೆದರೆ ‘ತಪ್ಪು’ ಎಂದು ಕೆಂಪು ಬಣ್ಣದಲ್ಲಿ ಗದರದೆ, ಒಳಗೊಳಗೇ 123 ಎಂದು ಮಾಡಿಕೊಳ್ಳುವ ಸೌಜನ್ಯವನ್ನೂ ಆ ಹೊತ್ತಿಗೇ ಸೇರಿಸಿಬಿಡಬಹುದು.

ವಿಂಗಡಣೆಯದೂ ಒಂದು ಮಾತು. ಸಂಖ್ಯೆಯ ಕ್ರಮದಲ್ಲಿ ಊರುಗಳನ್ನು ಜೋಡಿಸಿದರೆ ಳಕಾರವು ಲಕಾರದ ಹಿಂದೆಯೇ, ವಕಾರಕ್ಕಿಂತ ಮುಂಚೆ ಬಂದುಬಿಡುತ್ತದೆ. ನಿಘಂಟಿನಲ್ಲಿ ‘ಹಸು’ವಿನ ಅನಂತರ ‘ಹಳ್ಳಿ’ಯನ್ನು ನೋಡಿ ರೂಢಿಯಾದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಬ್ರೌಸರಿನಲ್ಲಿಯೇ ಇರುವ ಭಾಷಾನುಸಾರಿ ವಿಂಗಡಣೆಯ ಸೌಲಭ್ಯಕ್ಕೆ ಭಾಷೆ ಕನ್ನಡವೆಂದು ತಿಳಿಸಿ, ಅದು ಜೋಡಿಸಿಕೊಟ್ಟದ್ದನ್ನು ವರ್ಣಮಾಲೆಯೊಡನೆ ಒಮ್ಮೆ ತಾಳೆ ನೋಡಬೇಕು.

ಒತ್ತಿಗೆ ತಾವು ಬೇಡವೆ?

1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ವನ್ನು ಹೊರತಂದಾಗ ಅದು ಕಲ್ಲಚ್ಚಿನಲ್ಲಿ ಅಚ್ಚಾಯಿತು. ಕಲ್ಲಚ್ಚಿನಲ್ಲಿ ಕೈಬರಹವೇ ಕಲ್ಲಿನ ಮೇಲೆ ಮೂಡುವುದರಿಂದ ಒತ್ತಕ್ಷರವು ಎಷ್ಟು ಬೇಕಾದರೂ ಕೆಳಗಿಳಿಯಬಹುದಿತ್ತು. ಸೀಸದ ಮೊಳೆಗಳು ಬಂದ ಮೇಲೆ ಮೊಳೆ ಜೋಡಿಸುವವರ ಪಾಡು ಆರಂಭವಾಯಿತು: ಸಾಲಿನ ಕೆಳಗೆ ಒತ್ತುಗಳಿಗೆ ತಾವು ಬಿಡದಿದ್ದರೆ ಕೆಳಸಾಲಿನ ಗುಡಿಸು, ಏತ್ವಗಳ ನೆತ್ತಿಗೆ ಅವು ಬಡಿಯುತ್ತಿದ್ದವು. ಅನುಭವಸ್ಥ ಕಂಪಾಸಿಟರನು ಸಾಲುಗಳ ನಡುವೆ ಸೀಸದ ಪಟ್ಟಿಯಿಟ್ಟು ಉಸಿರಾಡಲು ಎಡೆ ಮಾಡಿಕೊಡುತ್ತಿದ್ದನು.

ಆ ವಿವೇಕವು ಸೀಸದ ಜೊತೆಗೇ ಮೂಲೆಗೆ ಸೇರಿತೋ ಎಂಬಂತೆ ಇಂದಿನ ಜಾಲಪುಟಗಳನ್ನು ನೋಡಿದರೆ ಅನ್ನಿಸುತ್ತದೆ. ಇಂಗ್ಲಿಷಿನ ಅಳತೆಗೆ ಹೊಲಿದ ಗುಂಡಿಯೊಳಗೆ, ‘ಹೆಚ್ಚಾದುದನ್ನು ಮರೆಮಾಡು’ ಎಂಬ ವಿಧಿಯೊಂದಿಗೆ ಕನ್ನಡವನ್ನು ತುರುಕುತ್ತಾರೆ. ಮರೆಯಾಗುವುದು ಒತ್ತು. ಉಯ್ಯಂಬಳ್ಳಿಯು ‘ಉಯಂಬಳಿ’ಯಾಗಿ, ಹಳ್ಳಿಯು ಹಳಿಯಾಗಿ ಕಾಣುತ್ತದೆ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದು ಕಾಲು ಪಟ್ಟಿದ್ದರೆ ಇಂಗ್ಲಿಷಿಗೆ ಸಾಕಾದೀತು. ಕನ್ನಡಕ್ಕೆ ಒಂದೂವರೆಗಿಂತ ಕಡಿಮೆ ಬೇಡ, ಉದ್ದನೆಯ ಓದಿಗೆ 1.7ರ ಆಸುಪಾಸು ಹಿತ. ಗುಂಡಿಗೂ ಚೌಕಕ್ಕೂ ನಿಶ್ಚಿತ ಎತ್ತರ ವಿಧಿಸದೆ, ಕನಿಷ್ಠ ಎತ್ತರವನ್ನು ಹೇಳಿ ಒಳಅಂಚನ್ನು ಕೊಟ್ಟರೆ ಬರಹಕ್ಕೆ ತಕ್ಕಂತೆ ಅದು ತಾನೇ ಬೆಳೆಯುತ್ತದೆ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಶೋಕಿಯಂತೂ ಕನ್ನಡಕ್ಕೆ ಬೇಡವೇ ಬೇಡ. ಮಾಲೆಯ ಹೂವುಗಳನ್ನು ಕಿತ್ತು ದೂರದೂರ ಇಟ್ಟಂತಾಗುತ್ತದೆ. ಇಟಾಲಿಕ್ ಎಂಬ ಓರೆಬರಹವೂ ಇಲ್ಲಿ ಪರಕೀಯ. ಅಂಥ ಅಚ್ಚು ಫಾಂಟಿನಲ್ಲಿ ಇಲ್ಲದಿರುವಾಗ ಬ್ರೌಸರು ಇದ್ದದ್ದನ್ನೇ ಒತ್ತಾಯದಿಂದ ಓರೆ ಮಾಡುತ್ತದೆ, ದಪ್ಪವಿಲ್ಲದಿರುವಾಗ ಮಸಿ ಬಳಿದು ದಪ್ಪ ಮಾಡುತ್ತದೆ. ಥ, ಧ, ಭ, ಷಗಳ ಸೀಳುಗಳೂ ಚುಕ್ಕೆಗಳೂ ತುಂಬಿಹೋಗುತ್ತವೆ. ಒತ್ತಿ ಹೇಳಬೇಕಾದುದಕ್ಕೆ ನಿಜವಾದ ದಪ್ಪ ಅಚ್ಚನ್ನೋ ಬೇರೆ ಬಣ್ಣವನ್ನೋ ಬಳಸಿದರೆ ಸಾಕು.

ಫಾಂಟಿಗೆ ಇಂದು ಬರವಿಲ್ಲ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಮೊದಲಾದವು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಪುಟ ಹಗುರವಾಗಲೆಂದು ಫಾಂಟನ್ನು ಕತ್ತರಿಸಿ ಚಿಕ್ಕದು ಮಾಡುವಾಗ ಅಕ್ಷರಗಳನ್ನು ಕೂಡಿಸುವ ಒಳಕೋಷ್ಟಕಗಳನ್ನು ಕಳೆದುಬಿಡಬಾರದು. ಕಳೆದರೆ ಒತ್ತುಗಳು ಕಳಚಿ, ಹಲಂತಗಳ ಮೆರವಣಿಗೆ ಹೊರಡುತ್ತದೆ. ಫಾಂಟು ಬರುವವರೆಗೆ ಪುಟವನ್ನು ಖಾಲಿ ಬಿಡದೆ, ಮೊಬೈಲಿನಲ್ಲಿ ಮೊದಲೇ ಇರುವ ಕನ್ನಡದ ಅಚ್ಚಿನಲ್ಲಿ ತೋರಿಸುತ್ತಿರುವಂತೆ ಹೇಳಿಡಬೇಕು. ಬೆಟ್ಟದ ಮರೆಯ ಊರುಗಳಲ್ಲಿ ಜಾಲದ ಸಂಪರ್ಕ ಹೋಗಿ ಬಂದು ಮಾಡುವಾಗ ಇದರ ಬೆಲೆ ತಿಳಿಯುತ್ತದೆ.

ಹಳೆಯ ಅಚ್ಚಿನ ಹಂಗು

ಯುನಿಕೋಡ್ ಎಲ್ಲೆಡೆ ಹಬ್ಬುವ ಮೊದಲು ಕನ್ನಡವು ಗಣಕದೊಳಗೆ ವೇಷ ಮರೆಸಿಕೊಂಡು ಬಾಳಿತು. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ, 1998ರಲ್ಲಿ ಹೊರಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಆ ಕಾಲದ ಬಹುಪಾಲು ಬರಹವು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯಲ್ಲೇ ಇದ್ದು, ಫಾಂಟಿನ ಬಣ್ಣದಿಂದ ಮಾತ್ರ ಕನ್ನಡವಾಗಿ ತೋರುತ್ತಿತ್ತು. ಆ ಫಾಂಟಿಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಗೀಚು. ಹುಡುಕುವ ಯಂತ್ರಗಳ ಪಾಲಿಗೆ ಅದು ಕನ್ನಡವೇ ಅಲ್ಲ. ಇಂಥ ಕಡತಗಳು ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ರಾಶಿ ರಾಶಿ ಉಳಿದಿವೆ. ಅವನ್ನು ಜಾಲಕ್ಕೆ ಏರಿಸುವವರು ಮೊದಲು ಪರಿವರ್ತಕದಿಂದ ಯುನಿಕೋಡಿಗೆ ತಂದು, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ತಿದ್ದಬೇಕು. ತೊಂದರೆಯೇಕೆಂದು ಪುಟದ ಛಾಯಾಚಿತ್ರವನ್ನೇ ಅಂಟಿಸುವವರಿದ್ದಾರೆ. ಅದನ್ನು ಹುಡುಕಲಾಗದು, ದೊಡ್ಡದು ಮಾಡಿ ಓದಲಾಗದು; ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ಗೋಡೆ. ಪುಟದ ಆರಂಭದಲ್ಲಿ ಭಾಷೆ ಕನ್ನಡವೆಂದು ಘೋಷಿಸುವ ‘ಕೆಎನ್’ ಎಂಬ ಎರಡಕ್ಷರದ ಗುರುತನ್ನು ಬಿಟ್ಟರೆ ಆ ತಂತ್ರಾಂಶವು ಕನ್ನಡವನ್ನು ಇಂಗ್ಲಿಷಿನ ನಾಲಗೆಯಲ್ಲಿ ತೊದಲುವ ಸಂಭವವೂ ಉಂಟು.

ಕದಲದ ಊರಿಗೆ ನಾಲ್ಕು ಜಿಲ್ಲೆ

ಉಯ್ಯಂಬಳ್ಳಿ ಇದ್ದ ಕಡೆಯೇ ಇದೆ. ಅದರ ವಿಳಾಸ ಮಾತ್ರ ಸಂಚಾರ ಹೊರಟಿದೆ. ಕಾನಕಾನಹಳ್ಳಿ ಎಂಬ ಹಳೆಯ ಹೆಸರಿನ ಪಟ್ಟಣ ಕನಕಪುರವಾಯಿತು. ಬೆಂಗಳೂರು ಜಿಲ್ಲೆಯಲ್ಲಿದ್ದ ತಾಲ್ಲೂಕು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ, 2007ರಲ್ಲಿ ಹೊಸದಾಗಿ ಹುಟ್ಟಿದ ರಾಮನಗರ ಜಿಲ್ಲೆಗೂ ಸೇರಿತು. 2025ರಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ನಡುವೆ 2014ರ ರಾಜ್ಯೋತ್ಸವದಂದು ಇಂಗ್ಲಿಷಿನ ‘ಬ್ಯಾಂಗಲೋರ್’ ಕೂಡ ಅಧಿಕೃತವಾಗಿ ಬೆಂಗಳೂರಾಯಿತು. ಜಿಲ್ಲೆಗಳ ಪಟ್ಟಿಯನ್ನು ತನ್ನ ಕೋಡಿನೊಳಗೇ ಕೆತ್ತಿಟ್ಟ ನಿರ್ಮಾಪಕನು ಪ್ರತಿ ಸಲವೂ ಉಳಿ ಹಿಡಿದು ಕೂರಬೇಕಾಗುತ್ತದೆ. ಅವನು ಕೂರದಿದ್ದರೆ, ತನ್ನ ಆಧಾರ್ ಚೀಟಿಯಲ್ಲಿ ಒಂದು ಜಿಲ್ಲೆ, ಜಾಲತಾಣದಲ್ಲಿ ಇನ್ನೊಂದು ಜಿಲ್ಲೆ ಕಂಡು ಹಳ್ಳಿಯವನು ಕಂಗೆಡುತ್ತಾನೆ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವು ತನ್ನ ಸ್ಥಳೀಯ ಸರ್ಕಾರಗಳ ಕೋಶದಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ಒಳಗೆ ಆ ಸಂಖ್ಯೆಯನ್ನು ಇಟ್ಟುಕೊಂಡು, ಹೆಸರನ್ನು ಪ್ರತ್ಯೇಕ ಪಟ್ಟಿಯಿಂದ ತೋರಿಸಿದರೆ, ಹಳೆಯ ಹೆಸರಿನಿಂದ ಹುಡುಕಿದವನಿಗೂ ಊರು ಸಿಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಒಂದು ವೈ ಇಟ್ಟು ಬರೆಯುವವರು, ಎರಡು ವೈ ಇಟ್ಟು ಬರೆಯುವವರು, ‘ಹಳ್ಳಿ’ ಎಂದೇ ಬಿಡಿಸಿ ಬರೆಯುವವರು ಎಲ್ಲರಿಗೂ ಆ ಪಟ್ಟಿಯಲ್ಲಿ ಸ್ಥಳ ಕೊಡಬಹುದು.

ವ್ಯಕ್ತಿಯ ಹೆಸರಿನದು ಇನ್ನೊಂದು ರಗಳೆ. ‘ಮೊದಲ ಹೆಸರು, ಕೊನೆಯ ಹೆಸರು’ ಎಂದು ಎರಡು ಚೌಕಗಳಿಟ್ಟು ಎರಡನ್ನೂ ಕಡ್ಡಾಯ ಮಾಡುವ ಪದ್ಧತಿ ಪಾಶ್ಚಾತ್ಯರದು. ಹಳೆಯ ಮೈಸೂರು ಸೀಮೆಯಲ್ಲಿ ಮನೆತನದ ಹೆಸರನ್ನು ಕೊನೆಗೆ ಹಚ್ಚುವ ರೂಢಿ ಕಡಿಮೆ. ಊರಿನದೋ ತಂದೆಯದೋ ಮೊದಲಕ್ಷರ ಹೆಸರಿನ ಹಿಂದೆಯೋ ಮುಂದೆಯೋ ನಿಲ್ಲುತ್ತದೆ. ‘ಕೊನೆಯ ಹೆಸರು’ ಇಲ್ಲದ ಅಜ್ಜಿಯೊಬ್ಬಳು ಅಲ್ಲಿ ಏನು ಬರೆಯಬೇಕು? ಕೆಲವರು ಚುಕ್ಕಿ ಇಡುತ್ತಾರೆ. ಕೆಲವರು ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಆ ಚುಕ್ಕಿಯೇ ಮುಂದೆ ಪಿಂಚಣಿಯ ಕಾಗದದಲ್ಲಿ ‘ಹೊಂದುವುದಿಲ್ಲ’ವಾಗಿ ಮೇಲೇಳುತ್ತದೆ. ‘ಪೂರ್ಣ ಹೆಸರು, ದಾಖಲೆಯಲ್ಲಿರುವಂತೆ’ ಎಂಬ ಒಂದೇ ಉದ್ದನೆಯ ಚೌಕ ಸಾಕು.

ಸಂದೇಶಗಳ ವಿಷಯದಲ್ಲಿ ಮಾತು ಮಿತವಾಗಿರಬೇಕಾದುದು ಲೆಕ್ಕಾಚಾರದ ಕಾರಣಕ್ಕೆ. ಮೊಬೈಲಿನ ಎಸ್‌ಎಂಎಸ್ ಇಂಗ್ಲಿಷಿನಲ್ಲಿ 160 ಗುರುತು ಹಿಡಿಸುತ್ತದೆ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಅದರ ಮಿತಿ 70ಕ್ಕೆ ಇಳಿಯುತ್ತದೆ. ಉಯ್ಯಂಬಳ್ಳಿಯೊಂದೇ ಹತ್ತನ್ನು ನುಂಗುವುದರಿಂದ, ‘ಮಾನ್ಯರೇ, ತಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದ್ದು’ ಎಂಬ ಪೀಠಿಕೆಗೆ ಅಲ್ಲಿ ಸ್ಥಳವಿಲ್ಲ. ಅರ್ಜಿಯ ಸಂಖ್ಯೆ, ಏನಾಯಿತು, ಮುಂದೇನು ಎಂಬಿಷ್ಟನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಜಾಲಪುಟದ ಗುಂಡಿಗಳಿಗೂ ಇದೇ ಅನ್ವಯ. ‘ಸಲ್ಲಿಸಿ’, ‘ಹಿಂದೆ’, ‘ಪಹಣಿ ನೋಡಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಿಘಂಟು ಹಿಡಿದು ಭಾಷಾಂತರಿಸಿದ ‘ಸಂಪಾದಿಸು’ ಎಂಬ ಗುಂಡಿಯನ್ನು ಕಂಡ ರೈತನು, ಒತ್ತಿದರೆ ಹಣ ಬರುವುದೆಂದುಕೊಂಡರೆ ಅವನ ತಪ್ಪೇನು? ‘ತಿದ್ದಿ’ ಎಂಬ ಎರಡಕ್ಷರದ ಪದ ಕೈಯಳತೆಯಲ್ಲೇ ಇತ್ತು.

ಇವುಗಳಲ್ಲಿ ಬಹುಪಾಲು, ಕಟ್ಟಿದವನ ಮೇಜಿನ ಮೇಲಿರುವ ಹೊಸ ಯಂತ್ರದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆದುದರಿಂದ ನಾಲ್ಕೈದು ವರ್ಷ ಬಳಸಿದ ಅಗ್ಗದ ಮೊಬೈಲೊಂದನ್ನು ಸಂಪಾದಿಸಿ, ಅದರ ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಏರಿಸಿ, ಜಾಲದ ವೇಗವನ್ನು ತಗ್ಗಿಸಿ, ಉರಿಬಿಸಿಲಿನಲ್ಲಿ ನಿಂತು ತನ್ನದೇ ನಮೂನೆಯನ್ನು ಮೊದಲಿನಿಂದ ಕೊನೆಯವರೆಗೆ ತುಂಬುವುದು ನಿರ್ಮಾಪಕನಿಗೆ ಒಳ್ಳೆಯ ಪರೀಕ್ಷೆ. ನಡುವೆ ಸಂಪರ್ಕ ಕಡಿದಾಗ ತುಂಬಿದ್ದೆಲ್ಲ ಅಳಿಸಿಹೋಗುವುದೋ ಉಳಿಯುವುದೋ ನೋಡಬೇಕು. ಊರಿನ ಚೌಕ ಬಂದಾಗ ಅಲ್ಲಿ ‘ಕನಕಪುರ’ ಎಂದು ಬರೆಯದೆ ಉಯ್ಯಂಬಳ್ಳಿ ಎಂದು ಬರೆಯಬೇಕು. ಅಚ್ಚಾಗಿ ಬಂದ ಕಾಗದದಲ್ಲಿ ಎರಡು ಒತ್ತು, ಒಂದು ಸೊನ್ನೆ, ಕೊನೆಯ ಗುಡಿಸು ನಾಲ್ಕೂ ಇವೆಯೇ ಎಂದು ಬೆರಳಿಟ್ಟು ಎಣಿಸಿಕೊಳ್ಳಬೇಕು.